ದೀಪ ಹೊಂದಿಸುವ ತನಕ

ಲೆನೋರ್ ಆಶ್‌ಬಿ ತೀರಿಕೊಂಡಳೆಂಬುದನ್ನು ಥೆಕ್ಲಾ ನೊವಾಟ್ನಿಗೆ ತಿಳಿಸಿದ್ದು ಅವಳ ಸ್ವಂತ ಬೆನ್ನು. ಚರ್ಚಿನ ಬೆಳಗಿನ ಪೂಜೆ ಮುಗಿಸಿ ಬಂದವಳು ಟೋಪಿಯನ್ನೂ ತೆಗೆಯದೆ ಓಟ್ಸ್ ಗಂಜಿ ಕದಡುತ್ತ ನಿಂತಿದ್ದಳು. ಅಡಿಗೆಮನೆಯ ಮೂಲೆಯಲ್ಲಿ ಟೆಲಿವಿಷನ್ ಶಬ್ದವಿಲ್ಲದೆ ಓಡುತ್ತಿತ್ತು. ಒಂಟಿ ಮನೆಯಲ್ಲಿ ಏನಾದರೂ ಒಂದು ಅಲುಗಾಡುತ್ತಿರಲಿ ಎಂದು ಅದನ್ನು ಹಾಗೆ ಹಾಕಿಡುವುದು ಅವಳ ರೂಢಿ. ಹವಾಮಾನ ಹೇಳುವವನು ಮರೆಯಾಗಿ ಹಳೆಯ ಚಿತ್ರವೊಂದರ ಕಪ್ಪುಬಿಳುಪಿನ ಕೋಣೆ ಬಂತು. ಕಿಟಕಿಯ ಮುಂದೆ ಒಬ್ಬ ಹೆಂಗಸು ಬೆನ್ನು ತೋರಿಸಿ ನಿಂತಿದ್ದಾಳೆ. ಹೊರಗೆ ಗಂಡನ ಶವ ಹೊತ್ತ ಬಂಡಿ ಹೋಗುತ್ತಿದೆ. ಅವಳು ಅಲುಗುವುದಿಲ್ಲ. ಎಡಗಾಲಿನ ಹಿಮ್ಮಡಿ ಮಾತ್ರ ಬೂಟಿನೊಂದಿಗೆ ನೆಲದಿಂದ ಒಂದಿಷ್ಟು ಮೇಲೆದ್ದಿದೆ, ಹೋಗಲೋ ಬೇಡವೋ ಎಂದು ಕೇಳುವಂತೆ. ಆ ಹಿಮ್ಮಡಿಯ ಬಗ್ಗೆ ದೊಡ್ಡ ದೊಡ್ಡವರು ಬರೆದಿದ್ದರು, ಬೇರೆ ನಟಿಯರು ಮುಖವನ್ನೆಲ್ಲ ಬಳಸಿ ಹೇಳಲಾರದ ದುಃಖವನ್ನು ಆಶ್‌ಬಿ ಒಂದು ಹಿಮ್ಮಡಿಯಲ್ಲಿ ಹೇಳಿದಳು ಎಂದು. ಥೆಕ್ಲಾಳಿಗೆ ಗೊತ್ತಿತ್ತು, ಬೂಟಿನೊಳಗೆ ಒಂದು ಮೊಳೆ ಎದ್ದಿತ್ತು. ಎದ್ದಿದ್ದು ತನ್ನ ಬೂಟಿನಲ್ಲಿ. ನಿಂತಿದ್ದವಳು ತಾನು.

ಪ್ರಶಸ್ತಿಯ ರಾತ್ರಿ ಬಿಟ್ಟರೆ ಈ ಚಿತ್ರವನ್ನು ಟೆಲಿವಿಷನ್ನಿನಲ್ಲಿ ಯಾರೂ ತೋರಿಸುವುದಿಲ್ಲ. ಇದು ಜಕರಂದಾ ಮರದ ನೀಲಿ ಹೂ ಉದುರುವ ತಿಂಗಳು, ಪ್ರಶಸ್ತಿ ಮುಗಿದು ಬಹಳ ದಿನವಾಯಿತು. ಹಾಗಾದರೆ ಹೋದಳು. ಥೆಕ್ಲಾಳ ಕೈ ಚಮಚವನ್ನು ತಿರುಗಿಸುತ್ತಲೇ ಇತ್ತು, ಮತ್ತು ಅವಳೊಳಗೆ ಮೊದಲು ಎದ್ದ ಮಾತು, ಆಮೇಲೆ ಎಷ್ಟು ಒರೆಸಿದರೂ ಅಳಿಯದ ಮಾತು ಇದು: ಇನ್ನು ನಾನು ಕೂತುಕೊಳ್ಳಬಹುದು.

ತಕ್ಷಣ ಶಿಲುಬೆಯ ಗುರುತು ಮಾಡಿಕೊಂಡಳು. ಚಮಚ ಕೈಯಲ್ಲೇ ಇದ್ದುದರಿಂದ ಗಂಜಿ ಎದೆಯ ಮೇಲೆ ಬಿತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಸತ್ತವರಿಗಾಗಿ ಪ್ರಾರ್ಥಿಸಬೇಕೆಂದು ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ಅವಳ ತಾಯಿ ಕಲಿಸಿದ್ದಳು. ಹಾದಿಯಲ್ಲಿ ಯಾರದೋ ಶವದ ಗಾಡಿ ಎದುರಾದರೂ ತಾಯಿ ಕುದುರೆ ನಿಲ್ಲಿಸಿ ತುಟಿ ಆಡಿಸುತ್ತಿದ್ದಳು. ವಿಶ್ರಾಂತಿ ಕೊಡು ಪ್ರಭುವೇ, ನಿತ್ಯವಾದ ಬೆಳಕು ಬೆಳಗಲಿ. ಥೆಕ್ಲಾ ಆ ಮಾತನ್ನು ಸತ್ತ ಕಸಾಯಿಯವನಿಗಾಗಿ ಹೇಳಿದ್ದಳು, ತನ್ನನ್ನು ಬಿಟ್ಟುಹೋದ ಗಂಡನಿಗೆ ಹೇಳಿದ್ದಳು, ಪತ್ರಿಕೆಯಲ್ಲಿ ಹೆಸರು ನೋಡಿದ ಕೊಲೆಗಾರರಿಗೂ ಹೇಳಿದ್ದಳು. ಈಗ ವಿಶ್ರಾಂತಿಯವರೆಗೆ ಬಂದು ನಾಲಿಗೆ ನಿಂತಿತು. ಬೆಳಕು. ಇನ್ನೂ ಬೆಳಕು ಬೇಕೇ ಅವಳಿಗೆ? ಅವಳಿಗೆಂದು ಹೊಂದಿಸಿದ ಬೆಳಕನ್ನೆಲ್ಲ ಮೊದಲು ಕಣ್ಣಿನಲ್ಲಿ ಹಾಯಿಸಿಕೊಂಡವಳು ತಾನಲ್ಲವೇ?

ಹಿಂಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಮಿಸೆಸ್ ಓಚೋವಾ ಬಂದಳು. ಕೈಯಲ್ಲಿ ಸಕ್ಕರೆ ಬನ್ನುಗಳ ಚೀಲ, ಕಣ್ಣಲ್ಲಿ ನೀರು.

"ದೋನ್ಯಾ ಥೆಕ್ಲಾ, ನಿಮ್ಮ ಹೀರೋಯಿನ್ ಹೋಗ್‌ಬಿಟ್ರಂತಲ್ಲ! ರೇಡಿಯೋದಲ್ಲಿ ಕೇಳಿ ನಂಗೆ ಕೈಕಾಲೇ ಆಡ್ಲಿಲ್ಲ."

"ನನ್ನ ಹೀರೋಯಿನ್ ಏನಲ್ಲ."

"ಅಯ್ಯೋ, ಅಷ್ಟು ವರ್ಷ ಜೊತೇಲಿದ್ರಿ. ಅಕ್ಕತಂಗೀರ ಹಾಗೆ."

"ಜೊತೇಲಿ ಇರಲಿಲ್ಲಮ್ಮ. ಅವಳು ಬಂದಾಗ ನಾನು ಹೋಗ್ತಿದ್ದೆ. ನಾನು ಇದ್ದಾಗ ಅವಳು ಇರ್ತಿರಲಿಲ್ಲ. ನಮ್ಮ ಕೆಲಸವೇ ಅದು."

"ಮಣ್ಣಿಗೆ ಕರೀತಾರೆ ಬಿಡಿ, ಮುಂದಿನ ಸಾಲಲ್ಲೇ ಕೂರಿಸ್ತಾರೆ. ಕರಿ ಡ್ರೆಸ್ಸು ಇದೆಯಾ? ನನ್ನ ನಾದಿನೀದು ಒಂದಿದೆ, ಸೊಂಟದ ಹತ್ರ ಸ್ವಲ್ಪ ಬಿಡಿಸಿದ್ರೆ ಆಗುತ್ತೆ."

"ನನ್ನ ಸೊಂಟ ಅವಳ ಸೊಂಟದ ಅಳತೇನೇ ಇತ್ತು. ಅದಕ್ಕೇ ಸಂಬಳ ಕೊಟ್ಟಿದ್ದು," ಎಂದಳು ಥೆಕ್ಲಾ. ಮಿಸೆಸ್ ಓಚೋವಾ ಇದನ್ನು ತಮಾಷೆ ಎಂದುಕೊಂಡು ಕಣ್ಣೊರೆಸುತ್ತಲೇ ನಕ್ಕಳು.

ಅಳತೆ ಅದೇ, ಎತ್ತರ ಅದೇ, ಚರ್ಮದ ಬಣ್ಣ ಅದೇ. ದೀಪ ಹೊಂದಿಸುವ ತನಕ ನಟಿಯ ಜಾಗದಲ್ಲಿ ನಿಲ್ಲುವುದಕ್ಕೆ ಇನ್ನೇನು ಬೇಕು? ನೆಲಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಪಾದ ಇಟ್ಟು, ಮೇಲಿನಿಂದ ಒಂದೊಂದೇ ದೀಪ ಉರಿದು, ಹಣೆಯ ಮೇಲೆ ಬೆವರು ಹರಿದು, ಕ್ಯಾಮೆರಾದವನು 'ಗಲ್ಲ ಎತ್ತು, ಇಳಿಸು, ಸ್ವಲ್ಪ ಸತ್ತ ಹಾಗಿರು' ಎಂದಂತೆಲ್ಲ ಇದ್ದು, ಎಲ್ಲ ಸರಿಹೋದ ಮೇಲೆ ಒಂದು ಕೂಗು: ಎರಡನೆಯ ತಂಡ ಸಾಕು, ಮೊದಲನೆಯ ತಂಡ ಬರಲಿ! ಆಗ ಥೆಕ್ಲಾ ಪಟ್ಟಿಯಿಂದ ಇಳಿಯುತ್ತಿದ್ದಳು, ಪೌಡರಿನ ವಾಸನೆಯೊಂದಿಗೆ ಮೊದಲನೆಯ ತಂಡದ ಲೆನೋರ್ ಬರುತ್ತಿದ್ದಳು. ದಾಟುವ ಆ ಒಂದು ಗಳಿಗೆಯಲ್ಲಿ ಭುಜಕ್ಕೆ ಭುಜ ಸೋಕುವಷ್ಟು ಹತ್ತಿರದಿಂದ ಥೆಕ್ಲಾ ಪಿಸುಗುಟ್ಟುತ್ತಿದ್ದಳು: ಎಡಗಡೆ ದೀಪ ಜೋರಿದೆ, ಗಲ್ಲ ತಗ್ಗಿಸು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇಬ್ಬರೂ ಹೊಸಬರಾಗಿದ್ದಾಗ ತಾನಾಗಿ ಶುರುವಾದದ್ದು. ಆಗ ಅವಳು ಲೆನೋರ್ ಆಶ್‌ಬಿಯಾಗಿ ಇನ್ನೂ ಪಳಗಿರಲಿಲ್ಲ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಊರಿನ ಬ್ರಿಜೆಟ್ ಮುಲ್ವೇನಿ, ಗಣಿಯಲ್ಲಿ ಕೆಮ್ಮಿ ಸತ್ತವನ ಮಗಳು, ಭಾನುವಾರ ಥೆಕ್ಲಾಳ ಪಕ್ಕ ಮಂಡಿಯೂರಿ ಕುಳಿತು ಪೂಜೆಯ ನಡುವೆಯೇ ತೂಕಡಿಸುತ್ತಿದ್ದ ಬ್ರಿಡಿ. ಸ್ಟುಡಿಯೋದವರು ಹೆಸರು ಬದಲಿಸಿದ ದಿನ ಇಬ್ಬರೂ ಒಂದೇ ಹಾಟ್‌ಡಾಗನ್ನು ಮುರಿದು ತಿಂದು ನಕ್ಕಿದ್ದರು. "ಲೆನೋರ್ ಅಂತೆ! ನಮ್ಮೂರಲ್ಲಿ ಹಸುವಿಗೂ ಇಡಲ್ಲ ಈ ಹೆಸರು," ಎಂದಿದ್ದಳು ಬ್ರಿಡಿ, ಸಾಸಿವೆ ಹತ್ತಿದ ಬಾಯಿಂದ.

ಆ ಬಾಯಿ ಯಾವಾಗ ಬದಲಾಯಿತು? ಮೊದಲು ಹಾಡಿನ ಚಿತ್ರಗಳು, ಕುಣಿದು ನಗುವ ಹುಡುಗಿ. ಆಮೇಲೆ ಮೌನದ ಪಾತ್ರಗಳು, ವಿಧವೆ, ರಾಣಿ, ಕುಡುಕಿ. ಪತ್ರಿಕೆಗಳು ಅವಳ ಹೆಸರಿನ ಮೊದಲು 'ಮಹಾನ್' ಎಂದು ಸೇರಿಸತೊಡಗಿದವು. ಒಂದು ದಿನ ಸ್ಟುಡಿಯೋ ನೋಡಲು ನ್ಯೂಯಾರ್ಕಿನ ದೊಡ್ಡವರು ಬಂದಿದ್ದರು. ಥೆಕ್ಲಾ ಪಟ್ಟಿಯಿಂದ ಇಳಿಯುತ್ತ ಎಂದಿನಂತೆ, "ಬ್ರಿಡಿ, ಮೇಲಿನ ದೀಪ," ಎಂದಳು. ಅಷ್ಟೆ. ಲೆನೋರ್ ಆಶ್‌ಬಿ ನಿಂತಳು. ಸಿಟ್ಟಾಗಲಿಲ್ಲ. ಹಿಂದಕ್ಕೆ ತಿರುಗಿ, ಆ ಹೆಸರಿನವಳು ಇನ್ಯಾರೋ ಬಂದಿರಬೇಕೆಂಬಂತೆ ಖಾಲಿ ಜಾಗದತ್ತ ನೋಡಿದಳು. ಬಂದವರೂ ನೋಡಿದರು. ಯಾರೂ ಇರಲಿಲ್ಲ. ಎಲ್ಲರೂ ನಕ್ಕರು. ಅಂದಿನಿಂದ ಥೆಕ್ಲಾ 'ಮಿಸ್ ಆಶ್‌ಬಿ' ಎನ್ನತೊಡಗಿದಳು, ಮತ್ತು ಅಂದಿನಿಂದ ದಾಟುವಾಗ ದೀಪಗಳ ವಿಷಯ ಹೇಳುವುದನ್ನು ಬಿಟ್ಟಳು. ಕಣ್ಣು ಕುಕ್ಕಿದರೆ ಕುಕ್ಕಲಿ. ಆದರೆ ಮಹಾನಟಿಯ ಕಣ್ಣು ಕುಕ್ಕಲಿಲ್ಲ. ಅವಳು ಬೆಳಕಿಗೆ ತನ್ನಷ್ಟಕ್ಕೆ ತಾನೇ ಹೊಂದಿಕೊಂಡಳು, ಅದು ಇನ್ನೂ ದೊಡ್ಡ ಅವಮಾನ.

ಆಮೇಲೆ ಬೆನ್ನಿನ ಆ ದೃಶ್ಯ. ಲೆನೋರಳಿಗೆ ಜ್ವರ. ದಿನ ದಂಡವಾಗಬಾರದೆಂದು ನಿರ್ದೇಶಕ, "ಮುಖ ಕಾಣಲ್ಲವಲ್ಲ, ಇವಳನ್ನೇ ನಿಲ್ಲಿಸಿ," ಎಂದ. ಹಿಂದಿನ ಸಂಜೆ ಥೆಕ್ಲಾಳಿಗೆ ತಾಯಿ ಸತ್ತ ತಂತಿ ಬಂದಿತ್ತು. ಮಧ್ಯಾಹ್ನದ ರೈಲಿಗೆ ಊರಿಗೆ ಹೊರಡಬೇಕಿತ್ತು. ಅಲ್ಲಿಯವರೆಗೆ ನಿಂತಿರು ಎಂದರು, ನಿಂತಳು. ರಂಗದ ಕಿಟಕಿಯಾಚೆ ಬಾಡಿಗೆ ಬಂಡಿ, ಬಾಡಿಗೆ ಕುದುರೆ, ಖಾಲಿ ಪೆಟ್ಟಿಗೆ. ಅವಳು ಅದರಲ್ಲಿ ತಾಯಿಯನ್ನು ಮಲಗಿಸಿದಳು. ಸ್ಟುಡಿಯೋ ಕೊಟ್ಟ ಬೂಟಿನ ಕೆಳಗಿನಿಂದ ಮೊಳೆ ಚುಚ್ಚುತ್ತಿತ್ತು. ಚುಚ್ಚಲಿ ಎಂದು ಮೊದಲು ಒತ್ತಿ ನಿಂತಳು, ಆಮೇಲೆ ತಡೆಯಲಾರದೆ ಹಿಮ್ಮಡಿ ಎತ್ತಿದಳು. ಚಿತ್ರ ಬಂದು, ಪ್ರಶಸ್ತಿ ಬಂದು, ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ಯಾರೋ ಕೇಳಿದ್ದಕ್ಕೆ ಲೆನೋರ್ ಟೆಲಿವಿಷನ್ನಿನಲ್ಲಿ ಹೇಳಿದಳು, "ಒಬ್ಬ ತಾಯಿಯನ್ನು ನೆನೆಸಿಕೊಂಡೆ." ಒಬ್ಬ ತಾಯಿ! ಥೆಕ್ಲಾ ಟೆಲಿವಿಷನ್ನಿನ ಮುಂದೆ ಎದ್ದು ನಿಂತುಬಿಟ್ಟಿದ್ದಳು. ಸತ್ತ ತನ್ನ ತಾಯಿಯನ್ನೂ ಅವಳು ಎತ್ತಿಕೊಂಡು ಹೋಗಿದ್ದಳು. ಯಾರಿಗೂ ಹೇಳಲಿಲ್ಲ. ಚರ್ಚಿನ ಗುರುಗಳ ಹತ್ತಿರವೂ ಅಲ್ಲ. ಒಳಗೆ ಅದನ್ನು ಹಾಲಿಗೆ ಹೆಪ್ಪು ಹಾಕಿದಂತೆ ಮುಚ್ಚಿಟ್ಟಳು, ಅದು ಹುಳಿಯಾಗುತ್ತ ಹೋಯಿತು. ಥೆಕ್ಲಾಳ ಕೂದಲು ನರೆತ ವರ್ಷ ಅವಳನ್ನು ಕೆಲಸದಿಂದ ಬಿಡಿಸಿದರು. ಮಿಸ್ ಆಶ್‌ಬಿಯ ಕೂದಲು ನರೆಯುವುದಿಲ್ಲವಲ್ಲ. ಮುಂದೆ ಮಹಾನಟಿಗೆ ಪಾತ್ರಗಳು ಕಡಿಮೆಯಾದವು, ಮೂರನೆಯ ಗಂಡನೂ ಬಿಟ್ಟ, ಹಲ್ಲುಸೆಟ್ಟಿನ ಪುಡಿಯ ಜಾಹೀರಾತಿನಲ್ಲಿ ಸೇಬು ಕಚ್ಚಿ ನಕ್ಕಳು. ಅದನ್ನು ನೋಡಿದ ರಾತ್ರಿ ಥೆಕ್ಲಾ ಸುಖವಾಗಿ ನಿದ್ರಿಸಿ, ಬೆಳಿಗ್ಗೆ ಆ ಸುಖಕ್ಕಾಗಿ ಗುರುಗಳ ಮುಂದೆ ತಪ್ಪೊಪ್ಪಿಕೊಂಡಿದ್ದಳು. ಕೊನೆಗೆ ಜೀವಮಾನದ ಗೌರವ ಎಂದು ಒಂದು ಪದಕ ಕೊಟ್ಟರು. ಅಂದು ಲೆನೋರ್ ಎಲ್ಲರನ್ನೂ ನೆನೆದಳು. ನಿರ್ದೇಶಕರು, ದರ್ಜಿಗಳು, ವೈದ್ಯರು, ಸತ್ತುಹೋದ ನಾಯಿ. ನಾಯಿಯ ಹೆಸರಿನ ತನಕ ಥೆಕ್ಲಾ ಕಾದಿದ್ದಳು.

ಸುದ್ದಿ ಬಂದ ವಾರವಿಡೀ ಅವಳು ಪ್ರತಿ ಬೆಳಿಗ್ಗೆ ಸತ್ತವರ ಹೆಸರು ಹೇಳುವ ಹೊತ್ತಿಗೆ ಬಾಯಿ ತೆರೆದಳು, ಪ್ರತಿ ಬೆಳಿಗ್ಗೆ ಬಾಯಿ ಒಣಗಿತು. ಮೇಣದಬತ್ತಿ ಹಚ್ಚಲು ಹೋಗಿ ಕಡ್ಡಿ ಬೆರಳು ಸುಡುವವರೆಗೆ ಹಿಡಿದು ನಿಂತಳು. ಕಡೆಗೆ ಫಾದರ್ ಕಿಯರ್ನಿಯ ಹತ್ತಿರ ಹೋಗಿ, "ಒಬ್ಬಳಿಗೋಸ್ಕರ ಪ್ರಾರ್ಥನೆ ಮಾಡೋಕಾಗ್ತಿಲ್ಲ ಫಾದರ್. ದ್ವೇಷ ಅಂತ ಅಲ್ಲ. ನಾಲಿಗೆ ಏಳಲ್ಲ," ಎಂದಳು.

ಮುದಿ ಫಾದರ್ ಕಿವಿಯ ಯಂತ್ರ ಸರಿಮಾಡಿಕೊಂಡರು. "ಯಾವ ಹೆಸರಿಟ್ಟು ಕರೀತೀಯ ಅವಳನ್ನ?"

"ಊರೆಲ್ಲ ಕರೆಯೋ ಹೆಸರಿಂದ."

"ಆ ಹೆಸರಿನವಳು ದೇವರಿಗೆ ಗೊತ್ತಿಲ್ಲವೇನೋ ಮಗಳೇ. ದೀಕ್ಷಾಸ್ನಾನದ ಹೆಸರು ಏನು?"

ಥೆಕ್ಲಾ ಎದ್ದು ಬಂದಳು. ಆ ಹೆಸರನ್ನು ತಾನು ಕೂಗಿದಾಗ ಅವಳೇ ಇಲ್ಲವೆಂದಿದ್ದಳು. ಈಗ ಏಕೆ ಕೂಗಬೇಕು?

ಕರೆ ಬರಲಿಲ್ಲ. ಆದರೂ ಅಂತ್ಯಕ್ರಿಯೆಯ ಬೆಳಿಗ್ಗೆ ಮಿಸೆಸ್ ಓಚೋವಾಳ ನಾದಿನಿಯ ಕಪ್ಪು ಉಡುಪು ತೊಟ್ಟು ಎರಡು ಬಸ್ಸು ಬದಲಿಸಿ ಹಾಲಿವುಡ್ಡಿನ ದೊಡ್ಡ ಚರ್ಚಿಗೆ ಹೋದಳು. ಹೋಗುವುದೇಕೆ ಎಂದು ದಾರಿಯುದ್ದ ತನ್ನನ್ನೇ ಕೇಳಿಕೊಂಡಳು. ಪ್ರಾರ್ಥಿಸಲೇ? ಪ್ರಾರ್ಥಿಸಲು ಅಡಿಗೆಮನೆ ಸಾಕು. ಒಂದು ಬೆಂಚಿನ ತುದಿಯಲ್ಲಿ, ಸಂಬಂಧ ಇದ್ದವರ ನಡುವೆ, ಒಮ್ಮೆ ಕೂತುಕೊಳ್ಳಬೇಕು, ಅಷ್ಟೆ. ರಸ್ತೆಗೆ ಬೇಲಿ ಕಟ್ಟಿದ್ದರು, ಬೇಲಿಯ ಹಿಂದೆ ಜನ, ಅವರ ಕಾಲಡಿ ನೀಲಿ ಹೂಗಳ ರಾಡಿ.

"ಪಾಸ್ ಇದೆಯಾ ಮೇಡಂ?" ಬಾಗಿಲ ಕಾವಲಿನವನು ಕೇಳಿದ.

"ನಾನು ಅವರ ಜೊತೆ ಕೆಲಸ ಮಾಡಿದೋಳು."

"ಬೆಳಿಗ್ಗೆಯಿಂದ ಬಂದೋರೆಲ್ಲ ಅದನ್ನೇ ಹೇಳ್ತಿದ್ದಾರೆ. ಒಬ್ಬನಂತೂ ಅವರ ಗಂಡ ಅಂದ. ನೀವೇನು, ನಟಿಯಾ?"

"ಅಲ್ಲ. ಅವರ ಜಾಗದಲ್ಲಿ ನಿಲ್ತಿದ್ದೆ."

"ಹಾಗಾದ್ರೆ ಇವತ್ತು ಒಳ್ಳೇ ದಿನ ನೋಡ್ಕೊಂಡು ಬಂದಿದ್ದೀರಿ," ಎಂದು ನಕ್ಕವನು ಅವಳ ಮುಖ ನೋಡಿ ನಗುವನ್ನು ಹಿಂದಕ್ಕೆಳೆದುಕೊಂಡ. "ತಪ್ಪು ತಿಳ್ಕೋಬೇಡಿ ಮೇಡಂ. ಬೇಲಿಯಿಂದ ಆ ಕಡೆ ನಿಂತ್ಕೊಳ್ಳಿ."

ಬೆನ್ನಿನ ಹಿಂದಿನಿಂದ ಒಂದು ಒಡಕು ದನಿ ಬಂತು. "ಏಯ್ ಥೆಕ್ಲಾ! ಇನ್ನೂ ಬದುಕಿದ್ದೀಯೇನೇ?"

ಲೂಥರ್ ಬೀಡಲ್, ಆ ಕಾಲದ ದೀಪಗಳ ಮೇಸ್ತ್ರಿ. ನಡು ಬಾಗಿತ್ತು. ಹೆಗಲ ಮೇಲೆ ಸುರುಳಿ ಸುತ್ತಿದ ವೈರು ಮಾತ್ರ ಆಗಿನಂತೆಯೇ ಇತ್ತು. ಟೆಲಿವಿಷನ್ನಿನವರು ಅಂತ್ಯಕ್ರಿಯೆಯನ್ನು ನೇರವಾಗಿ ತೋರಿಸುತ್ತಿದ್ದರು, ಅವನ ಮಗಳಿಗೆ ದೀಪಗಳ ಗುತ್ತಿಗೆ, ಇವನು ಸುಮ್ಮನಿರಲಾರದೆ ಬಂದಿದ್ದ.

"ನಾನು ಹೋದ್ರೆ ನಿನ್ನನ್ನ ಬೈಯೋರು ಯಾರು?" ಎಂದಳು ಥೆಕ್ಲಾ.

"ಬಿಡಪ್ಪಾ ಅವಳನ್ನ, ನಮ್ಮೋಳು ಅವಳು," ಎಂದು ಲೂಥರ್ ಕಾವಲಿನವನಿಗೆ ಹೇಳಿ ಪಕ್ಕದ ಸಣ್ಣ ಬಾಗಿಲಿನಿಂದ, ವೈರು ದಾಟಿಸಿ, ಒಳಗೆ ಕರೆದೊಯ್ದ. ದುಃಖದವರ ಬಾಗಿಲಿನಿಂದಲ್ಲ, ಕೆಲಸದವರ ಬಾಗಿಲಿನಿಂದ. ಬೆಂಚುಗಳ ಮೇಲೆಲ್ಲ ಹೆಸರಿನ ಚೀಟಿಗಳಿದ್ದವು. ಥೆಕ್ಲಾ ಒಂದು ಕಂಬಕ್ಕೆ ಒರಗಿ ನಿಂತಳು.

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಟೆಲಿವಿಷನ್ನಿನವರ ಮೇಲ್ವಿಚಾರಕಿ, ಡೆಲ್ಗಾಡೊ ಎಂಬ ಚುರುಕು ಹೆಂಗಸು, ಪೀಠದ ಮುಂದೆ ನಿಂತು ಒದ್ದಾಡುತ್ತಿದ್ದಳು. ಶವಪೆಟ್ಟಿಗೆಯ ತಲೆಯ ಕಡೆ ಸತ್ತವಳ ದೊಡ್ಡ ಪಟ ನಿಲ್ಲಿಸಬೇಕು, ಪಟ ಪೆಟ್ಟಿಗೆಯ ಜೊತೆಗೇ ಬರುತ್ತದೆ, ಗಾಜಿಗೆ ದೀಪ ಹೊಡೆದರೆ ಮುಖವೇ ಕಾಣದು. "ಆ ಎತ್ತರಕ್ಕೆ ಒಂದು ಮುಖ ಬೇಕಲ್ಲ ಲೂಥರ್! ಯಾರನ್ನಾದ್ರೂ ನಿಲ್ಸಿ!"

ಲೂಥರ್ ತಲೆ ತಗ್ಗಿಸಿ ವೈರು ನೋಡಿದ. ಅವನು ಥೆಕ್ಲಾಳತ್ತ ನೋಡದೇ ಇದ್ದದ್ದರಿಂದಲೇ ಡೆಲ್ಗಾಡೊ ಅವಳತ್ತ ತಿರುಗಿ ನೋಡಿದಳು. "ಮೇಡಂ, ನೀವು ಒಂದ್ನಿಮಿಷ ಬರ್ತೀರಾ? ಸುಮ್ನೆ ನಿಂತ್ಕೊಂಡ್ರೆ ಸಾಕು."

ಇಲ್ಲ ಎನ್ನಬೇಕೆಂದು ಥೆಕ್ಲಾ ಅಂದುಕೊಂಡಳು. ಅಂದುಕೊಳ್ಳುತ್ತಿರುವಾಗಲೇ ಅವಳ ಪಾದ ನೆಲದ ಮೇಲಿನ ಪಟ್ಟಿಯನ್ನು ಹುಡುಕಿ ಅದರ ಮೇಲೆ ನಿಂತಾಗಿತ್ತು. ಗಲ್ಲ ತಾನಾಗಿ ಎದ್ದಿತು. ಮೇಲೆ ಒಂದು ದೀಪ ಹತ್ತಿತು, ಇನ್ನೊಂದು. ಅದೇ ಬಿಸಿ, ಅದೇ ಕುರುಡು. ಬೆಳಕಿನಾಚೆ ಬೆಂಚುಗಳು ಕರಗಿಹೋದವು. ಲೂಥರ್ ಹತ್ತಿರ ಬಂದು ಎಡಗಡೆಯ ದೀಪ ತಿರುಗಿಸುತ್ತಿದ್ದ. ಯಾರಿಗೂ ಹೇಳದ ಮಾತು ಅವನೊಬ್ಬನಿಗೆ, ಅಂದು ಅಲ್ಲಿದ್ದವನಿಗೆ, ಅವಳ ಬಾಯಿಂದ ಜಾರಿತು.

"ವಾರದಿಂದ ಟೀವೀಲಿ ನನ್ನ ಬೆನ್ನೇ ತೋರಿಸ್ತಿದ್ದಾರೆ ಲೂಥರ್."

"ಯಾವ ಬೆನ್ನು?"

"ಕಿಟಕಿ ಹತ್ರದ್ದು. ನಿಂಗೊತ್ತಲ್ಲ, ನೀನೇ ದೀಪ ಹಾಕಿದ್ದು."

ಲೂಥರನ ಕೈ ದೀಪದ ಮೇಲೆ ನಿಂತಿತು. "ಅಯ್ಯೋ ಹುಚ್ಚೀ, ಅದು ನಿನ್ನ ಬೆನ್ನಲ್ಲ ಕಣೇ. ನಿನ್ನನ್ನ ನಿಲ್ಲಿಸಿ ತೆಗೆದದ್ರಲ್ಲಿ ನನ್ನ ದೀಪದ ಕಂಬದ ನೆರಳು ಗೋಡೆಗೆ ಬಿದ್ದುಹೋಗಿತ್ತು. ನಿರ್ದೇಶಕ ನನ್ನ ಏಳು ತಲೆಮಾರು ಬೈದ. ನೀನು ನಿಮ್ಮಮ್ಮನ ಮಣ್ಣಿಗೆ ಹೋಗಿದ್ಯಲ್ಲ, ಆ ವಾರ ಅವಳನ್ನೇ ನಿಲ್ಲಿಸಿ ಮತ್ತೆ ತೆಗೆದ್ವಿ. ನಿಂಗೆ ಯಾರೂ ಹೇಳ್ಲಿಲ್ವಾ?"

"ಸುಳ್ಳು. ಹಿಮ್ಮಡಿ ಎದ್ದಿದೆ. ನನ್ನ ಬೂಟಲ್ಲಿ ಮೊಳೆ ಇತ್ತು."

"ನಿನ್ನ ಬೂಟೇ ಹಾಕ್ಕೊಂಡಿದ್ಲು ಅವಳು. ನಿನ್ನದನ್ನ ಪರದೆ ಮೇಲೆ ಮತ್ತೆ ಮತ್ತೆ ಹಾಕಿಸಿ ನೋಡಿದ್ಲು. 'ಥೆಕ್ಲಾ ನಿಂತ ಹಾಗೇ ನಿಲ್ಬೇಕು, ಅವಳ ಬೂಟು ತನ್ನಿ' ಅಂದ್ಲು. ಅವಳ ಕಾಲಿಗೆ ಬಿಗಿ. ಮುಗಿದ ಮೇಲೆ ಬಿಚ್ಚಿದ್ರೆ ಕಾಲುಚೀಲ ಎಲ್ಲ ರಕ್ತ. 'ಇವಳು ಇದರ ಮೇಲೇನಾ ನಿಂತಿದ್ದಿದ್ದು?' ಅಂದ್ಲು."

"ಆಮೇಲೆ?"

"ಆಮೇಲೇನು? ಊಟದ ಗಂಟೆ ಹೊಡೀತು."

ದೀಪ ನೇರವಾಗಿ ಕಣ್ಣಿಗೆ ಬಿತ್ತು. ಥೆಕ್ಲಾ ಮಿಟುಕಿಸಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಏನೂ ಇರಲಿಲ್ಲ. ಅದು ತನ್ನ ಬೆನ್ನಲ್ಲ. ಕದ್ದವಳಾದರೂ ಅಲ್ಲವೇ ಅವಳು? ಬೆನ್ನಲ್ಲದಿದ್ದರೆ ನಿಲುವನ್ನು, ಬೂಟನ್ನು, ತಾಯಿಯನ್ನು. ಒಬ್ಬ ತಾಯಿಯನ್ನು ನೆನೆಸಿಕೊಂಡೆ. ನನ್ನ ತಾಯಿ ಎಂದಿರಲಿಲ್ಲ ಅವಳು. ಅದು ಯಾರ ತಾಯಿ ಎಂಬುದು ಗೊತ್ತಿದ್ದೇ ಹಾಗೆ ಹೇಳಿದ್ದಳೇ? ಗೊತ್ತಿದ್ದೂ ಹೆಸರು ಹೇಳದೆ ಉಳಿದಳೇ? ಇದು ಗೌರವವೋ ಇನ್ನೂ ಆಳದ ಕಳವೋ ಥೆಕ್ಲಾಳಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಅವಳು ಹೋಗಿದ್ದಳು. ಒಂದು ಮಾತ್ರ ಕಂಡಿತು. ದುಡಿಮೆಯ ಉದ್ದಕ್ಕೂ ತಾನು ಅವಳ ಜಾಗದಲ್ಲಿ ನಿಂತಿದ್ದಳು. ಒಂದೇ ಒಂದು ಸಲ ಅವಳು ತನ್ನ ಜಾಗದಲ್ಲಿ ನಿಂತಿದ್ದಳು, ಒಂದು ಮೊಳೆಯ ಮೇಲೆ, ರಕ್ತ ಬರುವವರೆಗೆ. ಊರಿನಿಂದ ಮರಳಿದ ಮೇಲೆ ಆ ಮೊಳೆ ಮತ್ತೆ ಚುಚ್ಚಿರಲೇ ಇಲ್ಲ. ಸಂತ ಅನ್ನಳ ಕೃಪೆ ಎಂದು ಮೇಣದಬತ್ತಿ ಹಚ್ಚಿ ಬಂದಿದ್ದಳು. ಆ ಮೊಳೆಯನ್ನು ಬಡಿದು ತಗ್ಗಿಸಿದವರು ಯಾರು ಎಂದು ಲೂಥರನನ್ನು ಕೇಳಲು ಬಾಯಿ ತೆರೆದಳು.

ದೊಡ್ಡ ಬಾಗಿಲು ತೆರೆದು ಹೊರಗಿನ ಹಗಲು ಒಳಗೆ ನುಗ್ಗಿತು. ಆರ್ಗನ್ ವಾದ್ಯದ ನಾದ ಎದ್ದಿತು. ಡೆಲ್ಗಾಡೊ ಕೈಯೆತ್ತಿ, ರೂಢಿಯ ಬಲದಿಂದ, ಎಲ್ಲಿದ್ದೇನೆಂಬುದನ್ನೂ ಮರೆತು ಕೂಗಿಬಿಟ್ಟಳು: "ಎರಡನೆಯ ತಂಡ ಸಾಕು! ಮೊದಲನೆಯ ತಂಡ ಬರಲಿ!" ಕೂಗಿ, ಬಾಯಿ ಮುಚ್ಚಿಕೊಂಡಳು.

ಥೆಕ್ಲಾ ಪಟ್ಟಿಯಿಂದ ಇಳಿದಳು. ಬದಿಯ ಕಂಬಗಳ ಕಡೆ ಹೋಗಬೇಕಿತ್ತು. ಕಾಲಿಗೆ ಒಂದೇ ದಾರಿ ಗೊತ್ತಿತ್ತು, ಬರುವವಳ ಎದುರಿಗೆ ಹೋಗಿ ಪಕ್ಕದಲ್ಲಿ ಹಾಯುವ ದಾರಿ. ನಡುವಿನ ಓಣಿಯಲ್ಲಿ ಅವಳು ಇಳಿದು ಹೋಗುತ್ತಿದ್ದಳು, ಪೆಟ್ಟಿಗೆ ಏರಿ ಬರುತ್ತಿತ್ತು. ಹೊತ್ತವರು ಈ ಮುದುಕಿ ಯಾರೆಂದು ನೋಡಿದರು. ಭುಜ ಸೋಕುವಷ್ಟು ಹತ್ತಿರದಲ್ಲಿ ಮರದ ಎಣ್ಣೆಯ ವಾಸನೆ ಬಂತು. ಥೆಕ್ಲಾಳ ತುಟಿ ತಾನಾಗಿ ಆ ಕಡೆ ವಾಲಿತು.

"ಎಡಗಡೆ ದೀಪ ಜೋರಿದೆ, ಬ್ರಿಡಿ. ಗಲ್ಲ ತಗ್ಗಿಸು."

ಈ ಸಲ ಯಾರೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಪೆಟ್ಟಿಗೆ ಅವಳನ್ನು ದಾಟಿ ಬೆಳಕಿನೊಳಗೆ ಹೋಯಿತು. ಅವಳು ಬಾಗಿಲ ಬಳಿ, ಚೀಟಿಯಿಲ್ಲದ ಕಲ್ಲು ನೆಲದ ಮೇಲೆ ಮಂಡಿಯೂರಿದಳು. ನಾಲಿಗೆ ಎದ್ದಿತು.

ಪ್ರಭುವೇ, ನಿನ್ನ ದಾಸಿ ಬ್ರಿಜೆಟಳಿಗೆ ವಿಶ್ರಾಂತಿ ಕೊಡು. ಅವಳು ಬಹಳ ಹೊತ್ತು ನಿಂತಿದ್ದಾಳೆ, ಇನ್ನು ಕೂತುಕೊಳ್ಳಲಿ. ಆರದ ನಿನ್ನ ಬೆಳಕು ಅವಳ ಮೇಲೆ ಬೀಳಲಿ, ಕಣ್ಣಿಗೆ ಚುಚ್ಚದ ಬೆಳಕು. ಶಾಂತಿಯಲ್ಲಿ ಇರಿಸು ಅವಳನ್ನು. ಆಮೆನ್.